ಕಾಲಿನ ಮೇಸ್ತ್ರಿ ಬರೆದಿಟ್ಟ ಪ್ರೋಗ್ರಾಮು

ಆ ಬೀದಿಯಲ್ಲಿ ಆಕೆಯನ್ನು ಎಲ್ಲರೂ ಟೈಪಿಂಗ್ ಮೇಡಂ ಎಂದೇ ಕರೆಯುತ್ತಿದ್ದರು. ಟೈಪ್‌ರೈಟರುಗಳು ಗುಜರಿ ಸೇರಿ ಎಷ್ಟೋ ವರ್ಷಗಳಾಗಿದ್ದರೂ ಹೆಸರು ಮಾತ್ರ ಆಕೆಗೆ ಅಂಟಿಕೊಂಡೇ ಇತ್ತು. ಒಂದು ಕಾಲಕ್ಕೆ ಬೇಕರಿಯ ಮೇಲಿನ ಉದ್ದನೆಯ ಕೋಣೆಯಲ್ಲಿ ಆಕೆ ಟೈಪಿಂಗ್ ಕಲಿಸುತ್ತಿದ್ದಳು. ಸಾಲಾಗಿ ಇಟ್ಟ ಯಂತ್ರಗಳು, ಕಿಟಕಿಯಿಂದ ನುಗ್ಗುವ ಬ್ರೆಡ್ಡಿನ ವಾಸನೆ, ಬೆರಳ ಕಡೆ ಕಣ್ಣು ಹಾಯಿಸಿದವರ ಕೈಮೇಲೆ ಸ್ಕೇಲಿನಿಂದ ಮೆಲ್ಲಗೊಂದು ತಟ್ಟು. ಆಕೆಯ ಕೈಕೆಳಗೆ ಕಲಿತವರು ಎಷ್ಟೋ ಕಚೇರಿಗಳಲ್ಲಿದ್ದರು. ಆಮೇಲೆ ಕಂಪ್ಯೂಟರ್ ಬಂತು, ಕಲಿಯುವವರು ಒಬ್ಬೊಬ್ಬರಾಗಿ ಕರಗಿದರು, ಕೋಣೆಯನ್ನು ಬೇಕರಿಯವನು ಹಿಟ್ಟಿನ ಮೂಟೆ ಇಡಲು ತೆಗೆದುಕೊಂಡ.

ತನ್ನ ಕಸುಬು ತಿಂದ ಆ ಕಂಪ್ಯೂಟರಿನ ಹಿಂದೆಯೇ ಗಂಡ ಬಿದ್ದದ್ದು ಆಕೆಗೆ ನುಂಗಲಾರದ ತುತ್ತಾಯಿತು. ಆತ ಕೃತಕ ಕಾಲು ಮಾಡುವ ಕಾರ್ಯಾಗಾರದಲ್ಲಿ ಕೆಲಸಕ್ಕಿದ್ದ. ಕಾಲು ಕಳೆದುಕೊಂಡವರು ಬಂದರೆ ಉಳಿದ ಮೊಂಡುಗಾಲಿನ ಅಳತೆ ತೆಗೆಯುವುದು, ಪ್ಲಾಸ್ಟರಿನಲ್ಲಿ ಅಚ್ಚು ಹಾಕುವುದು, ಅದಕ್ಕೆ ಸರಿಯಾಗಿ ಮೊಂಡುಗಾಲು ಕೂರುವ ಪ್ಲಾಸ್ಟಿಕ್ಕಿನ ಬಟ್ಟಲು ಎರಕ ಹೊಯ್ದು ಅಂಚು ಉಜ್ಜಿ ನುಣುಪು ಮಾಡುವುದು. ಜನ ಆತನನ್ನು ಕಾಲಿನ ಮೇಸ್ತ್ರಿ ಎನ್ನುತ್ತಿದ್ದರು. ಮೊಂಡುಗಾಲು ಇದ್ದ ಹಾಗೆ ಇರುವುದಿಲ್ಲ; ವರ್ಷ ಕಳೆದಂತೆ ಸೊರಗುತ್ತದೆ, ಕೆಲವರದು ಊದುತ್ತದೆ. ಹಳೆಯ ಅಳತೆ ಕೈಗೆ ಸಿಕ್ಕರೆ ಹೊಸ ಕಾಲು ಮಾಡುವುದು ಸಲೀಸು. ಆದರೆ ಅಳತೆ ಬರೆದ ಕಾರ್ಡುಗಳು ಬೇಕಾದಾಗ ಸಿಗುತ್ತಿರಲಿಲ್ಲ. ಇದಕ್ಕೆ ಕೊನೆ ಹಾಡಬೇಕೆಂದು ಮೇಸ್ತ್ರಿ ಪುಸ್ತಕ ತಂದು, ತಾನೇ ಓದಿ, ತಪ್ಪು ಮಾಡುತ್ತಾ ತಿದ್ದುತ್ತಾ ಪಿಎಚ್‌ಪಿ ಎಂಬ ಕಂಪ್ಯೂಟರ್ ಭಾಷೆಯಲ್ಲಿ ಒಂದು ಪ್ರೋಗ್ರಾಮು ಬರೆದ. ಹೆಸರು ಒತ್ತಿದರೆ ಆ ಮನುಷ್ಯನ ಅಷ್ಟೂ ವರ್ಷದ ಅಳತೆ ಪರದೆಯ ಮೇಲೆ ಬರುತ್ತಿತ್ತು.

ರಜೆಯ ದಿನಗಳೆಲ್ಲ ಅದಕ್ಕೇ ಮೀಸಲಾದವು. "ಊಟಕ್ಕೆ ಬರ್ತೀರೋ, ಇಲ್ಲ ನನ್ನ ಸವತಿ ಜೊತೇಲೇ ಕೂತಿರ್ತೀರೋ?" ಎಂದು ಆಕೆ ಅಡುಗೆಮನೆಯಿಂದ ಕೇಳುತ್ತಿದ್ದಳು. ಆತ "ಬಂದೆ, ಬಂದೆ" ಎಂದು ಹೂಂಗುಟ್ಟಿ ಮತ್ತೆ ಅದರಲ್ಲೇ ಮುಳುಗುತ್ತಿದ್ದ.

ಹೀಗಿರುವಾಗ ಒಂದು ಬೆಳಿಗ್ಗೆ, ಶೂ ಲೇಸು ಕಟ್ಟುತ್ತಿದ್ದವನು ಹಾಗೆಯೇ ಪಕ್ಕಕ್ಕೆ ವಾಲಿದ. ಮೆದುಳಿನಲ್ಲಿ ರಕ್ತ ಹೆಪ್ಪುಗಟ್ಟಿತ್ತು. ಆಸ್ಪತ್ರೆಯಿಂದ ಮನೆಗೆ ಬಂದಾಗ ಬಲಗೈ ಸತ್ವವಿಲ್ಲದೆ ಜೋತುಬಿದ್ದಿತ್ತು, ಕಾಲು ಸ್ವಲ್ಪ ಎಳೆಯುತ್ತಿತ್ತು. ಅವೆರಡಕ್ಕೂ ಆಕೆ ಹೇಗೋ ಒಗ್ಗಿಕೊಂಡಳು. ಒಗ್ಗದೆ ಉಳಿದದ್ದು ಮಾತು. ಬುದ್ಧಿಗೆ ಏನೂ ಆಗಿಲ್ಲ, ಹೇಳಿದ್ದೆಲ್ಲ ಅರ್ಥವಾಗುತ್ತದೆ, ಆದರೆ ಬೇಕಾದ ಮಾತು ನಾಲಿಗೆಗೆ ಬರುವುದಿಲ್ಲ, ಬರೆಯಲು ಹೋದರೆ ಕೈಗೂ ಬರುವುದಿಲ್ಲ ಎಂದು ವೈದ್ಯರು ಬಿಡಿಸಿ ಹೇಳಿದ್ದರು. ಉಳಿದದ್ದು "ಅದೇ", "ಬೇಡ" ಎರಡೇ. ಬೇಕು ಎನ್ನುವಾಗಲೂ ಬಾಯಿಂದ "ಬೇಡ" ಬಂದುಬಿಡುತ್ತಿತ್ತು. ಆಗ ಹುಬ್ಬು ಗಂಟಿಕ್ಕಿದರೆ ಬೇಡ, ಹುಬ್ಬು ಮೇಲೇರಿದರೆ ಬೇಕು ಎಂದು ಆಕೆ ಮುಖ ನೋಡಿ ತಿಳಿದುಕೊಳ್ಳುವುದನ್ನು ಕಲಿತಳು. ಮಾತಿನ ಚಿಕಿತ್ಸೆ ಕೊಡುವವಳು ವಾರಕ್ಕೊಮ್ಮೆ ಬಂದು ಚಿತ್ರ ತೋರಿಸಿ ಹೋಗುತ್ತಿದ್ದಳು. ಲೋಟ, ಬಾಗಿಲು, ಬೆಕ್ಕು. ದೊಡ್ಡ ಮನುಷ್ಯನೊಬ್ಬ ಬೆಕ್ಕಿನ ಚಿತ್ರದ ಮುಂದೆ ಬೆವರುವುದನ್ನು ನೋಡಲಾರದೆ ಆಕೆ ಆ ಹೊತ್ತಿಗೆ ಬಟ್ಟೆ ಒಣಹಾಕಲು ತಾರಸಿಗೆ ಹೋಗಿಬಿಡುತ್ತಿದ್ದಳು.

ಒಂದು ಮಧ್ಯಾಹ್ನ ಕಾರ್ಯಾಗಾರದ ಮುಖ್ಯಸ್ಥೆ ಮನೆಗೆ ಬಂದಳು. ಮೇಸ್ತ್ರಿಯ ಕೈಕೆಳಗೆ ಕೆಲಸ ಕಲಿತು ಮೇಲೆ ಬಂದವಳು, ಆತನ ಮೇಲೆ ಗೌರವವಿದ್ದವಳು. ಕಾರ್ಯಾಗಾರದ ಹಳೆಯ ಕಂಪ್ಯೂಟರ್ ಸುಟ್ಟುಹೋಗಿದೆ, ಹೊಸ ಲ್ಯಾಪ್‌ಟಾಪ್ ಬಂದಿದೆ, ಆದರೆ ಪ್ರೋಗ್ರಾಮಿನ ಪ್ರತಿ ಎಲ್ಲೂ ಸಿಗುತ್ತಿಲ್ಲ, ಸಿಕ್ಕರೂ ಅದನ್ನು ಹೊಸದರಲ್ಲಿ ಎಬ್ಬಿಸಲು ಯಾರಿಗೂ ಬರುವುದಿಲ್ಲ ಎಂದಳು. ರಿಪೇರಿ ಅಂಗಡಿಯವನು ಬೇಕಾದ ಸಾಮಾನೆಲ್ಲ ಹಾಕಿಕೊಟ್ಟು ಕೈ ತೊಳೆದುಕೊಂಡಿದ್ದ. ಸ್ವಲ್ಪ ಹೊತ್ತು ಕಪ್ಪಿನ ಹಿಡಿ ಸವರುತ್ತಾ ಕೂತು, ಕೊನೆಗೆ ಬಂದ ವಿಷಯ ಹೇಳಿದಳು: ಹಳೆಯದನ್ನು ಬಿಟ್ಟು, ಸಿದ್ಧವಾಗಿ ಸಿಗುವ ಬೇರೆ ಪ್ರೋಗ್ರಾಮಿನಲ್ಲಿ ಮೊದಲಿಂದ ಶುರು ಮಾಡುವ ಯೋಚನೆಯಿದೆ.

"ಹಳೇ ಅಳತೆಗಳು?" ಎಂದು ಟೈಪಿಂಗ್ ಮೇಡಂ ಕೇಳಿದಳು.

"ಅವು ಹೋದ ಹಾಗೇ ಅಕ್ಕಾ. ಬಂದವರನ್ನ ಮತ್ತೆ ಅಳೀಬೇಕು, ಅಷ್ಟೆ."

ಕಿಟಕಿಯ ಪಕ್ಕ ಕೂತಿದ್ದ ಮೇಸ್ತ್ರಿ ಎಡಗೈಯಿಂದ ಮೇಜಿಗೆ ಒಂದು ಏಟು ಹಾಕಿದ. ಕಪ್ಪು ಬಸಿಗಳು ಅದುರಿದವು. "ಬೇಡ, ಬೇಡ, ಬೇಡ" ಎಂದ. ಈ ಸಲ ಹುಬ್ಬು ಗಂಟಿಕ್ಕಿತ್ತು. ಎದ್ದು ಕಾಲೆಳೆಯುತ್ತಾ ಒಳಗೆ ಹೋಗಿ ಸ್ಕ್ರೂಗಳ ಡಬ್ಬಿ ತಂದು ಮೇಜಿನ ಮೇಲೆ ಬೋರಲು ಹಾಕಿದ. ಸ್ಕ್ರೂ, ವಾಷರುಗಳ ನಡುವೆ ಒಂದು ಪೆನ್‌ಡ್ರೈವ್ ಇತ್ತು. ಪ್ರತಿ ವಾರದ ಕೊನೆಗೆ ಆತ ಪ್ರೋಗ್ರಾಮನ್ನೂ ಅಳತೆಗಳನ್ನೂ ಅದರಲ್ಲಿ ತುಂಬಿಕೊಂಡು ಮನೆಗೆ ತರುತ್ತಿದ್ದದ್ದು ಆಕೆಗೆ ಗೊತ್ತಿತ್ತು.

ಏನು ತೋಚಿತೋ, ಆಕೆ, ಮುಖ್ಯಸ್ಥೆ ಜೊತೆಗೆ ತಂದಿದ್ದ ಲ್ಯಾಪ್‌ಟಾಪನ್ನು ಇಲ್ಲೇ ಬಿಟ್ಟುಹೋಗಲು ಹೇಳಿದಳು. ಹೇಳಿದ ಮರುಗಳಿಗೆಯೇ ತಾನು ಯಾಕೆ ಹಾಗೆಂದೆನೋ ಎನಿಸಿತು. ಸಂಜೆ ಫೋನು ಮಾಡಿದ ಮಗಳು, ಬೇರೆ ಊರಿನಲ್ಲಿ ನರ್ಸಾಗಿದ್ದವಳು, ಅಮ್ಮನಿಗೆ ಇಲ್ಲದ ಉಸಾಬರಿ ಯಾಕೆ ಎಂದು ರೇಗಿದಳು. ಅದೇ ಮಾತು ತನ್ನ ಮನಸ್ಸಿನಲ್ಲೂ ಇದ್ದದ್ದರಿಂದಲೋ ಏನೋ ಆಕೆಗೆ ಹಠ ಬಂತು.

ಮಾರನೆಯ ದಿನ ಊಟ ಮುಗಿದ ಮೇಲೆ ಗಂಡ ಹೆಂಡತಿ ಇಬ್ಬರೂ ಊಟದ ಮೇಜಿನ ಮುಂದೆ ಕೂತರು. ರಿಪೇರಿಯವನು ಹಾಕಿಕೊಟ್ಟಿದ್ದರಲ್ಲಿ ಒಂದು ಪುಟ್ಟ ಕಿಟಕಿ ತೆರೆಯುತ್ತಿತ್ತು. ಅದರಲ್ಲಿ ಸರ್ವರಿಗೊಂದು ಸಾಲು, ಡೇಟಾಬೇಸಿಗೊಂದು ಸಾಲು, ಎರಡಕ್ಕೂ ಒಂದೊಂದು ಗುಂಡಿ. ಡೇಟಾಬೇಸು ಅಳತೆಗಳನ್ನೆಲ್ಲ ಇಟ್ಟುಕೊಳ್ಳುವ ಕಣಜ. ಸರ್ವರು ಕೇಳಿದವರಿಗೆ ಪುಟ ಒದಗಿಸುವ ಆಳು. ಇಷ್ಟನ್ನು ಆಕೆ ಬೆಳಿಗ್ಗೆಯೇ ಓದಿಕೊಂಡಿದ್ದಳು. ಕಣಜದ ಗುಂಡಿ ಒತ್ತಿದಾಗ ಹಸಿರಾಯಿತು. ಸರ್ವರಿನದು ಒಮ್ಮೆ ಹಳದಿಯಾಗಿ, ಕೆಂಪಾಗಿ, ಸತ್ತಿತು. ಮತ್ತೆ ಒತ್ತಿದಳು, ಮತ್ತೆ ಸತ್ತಿತು. ಕೆಳಗೆ ಇಂಗ್ಲಿಷಿನಲ್ಲಿ ಏನೋ ಬರೆದುಕೊಂಡಿತ್ತು. ಆಯುಷ್ಯವಿಡೀ ಇಂಗ್ಲಿಷ್ ಟೈಪು ಮಾಡಿದವಳು ಆಕೆ, ಅರ್ಥದ ಗೊಡವೆಗೆ ಹೋಗದೆ. ಈಗ ಒಂದೊಂದೇ ಪದ ಓದಿ ಹೇಳಿದಳು: ಎಂಬತ್ತನೇ ಪೋರ್ಟು ಬಳಕೆಯಲ್ಲಿದೆ.

ಮೇಸ್ತ್ರಿಯ ಹುಬ್ಬು ಮೇಲೇರಿತು. "ಅದೇ, ಅದೇ" ಎಂದ. ಏನು ಅದೇ ಎಂದು ಕೇಳಿದರೆ ಮುಂದಕ್ಕೆ ಮಾತಿಲ್ಲ. ಆಕೆ ಬೇಸತ್ತು ನೀರು ಕುಡಿಯಲು ಎದ್ದುಹೋದಳು. ಬಂದು ನೋಡಿದರೆ ತನ್ನ ಕುರ್ಚಿಯಲ್ಲಿ ಆತ ಕೂತಿದ್ದ.

"ಏಳ್ರೀ, ನಾನೆಲ್ಲಿ ಕೂರಲಿ?"

ಜಪ್ಪಯ್ಯ ಎಂದರೂ ಏಳಲಿಲ್ಲ. ಕುರ್ಚಿಯ ತೋಳನ್ನು ಗಟ್ಟಿಯಾಗಿ ಹಿಡಿದುಕೊಂಡು ಪರದೆಯನ್ನು ತೋರಿಸಿದ, ತನ್ನ ಎದೆ ಮುಟ್ಟಿಕೊಂಡ, ಕುರ್ಚಿಯನ್ನು ಬಡಿದ, ಮತ್ತೆ ಪರದೆಯನ್ನು ತೋರಿಸಿದ. ಆಕೆ ಲೋಟ ಹಿಡಿದು ನಿಂತೇ ಇದ್ದಳು. ನಿಧಾನವಾಗಿ ಹೇಳಿದಳು: "ಆ ಜಾಗದಲ್ಲಿ ಬೇರೆ ಯಾರೋ ಕೂತ್ಬಿಟ್ಟಿದಾರೆ. ಅದಕ್ಕೆ ಇವನಿಗೆ ಜಾಗ ಇಲ್ಲ. ಹಂಗೇನು?"

ಮೇಸ್ತ್ರಿ ಕಣ್ಣು ಮುಚ್ಚಿ ತಲೆಯಾಡಿಸಿದ. ಎದ್ದು, ಪಕ್ಕದಲ್ಲಿ ಖಾಲಿಯಿದ್ದ ತನ್ನ ಕುರ್ಚಿಯನ್ನು ಆಕೆಗೆ ತೋರಿಸಿದ. ಬೇರೆ ಕುರ್ಚಿ ಕೊಡು ಎಂದರ್ಥ.

ಸರ್ವರಿನ ಸೆಟ್ಟಿಂಗುಗಳಿದ್ದ ಫೈಲು ತೆರೆದು, ಎಂಬತ್ತು ಎಂದಿದ್ದ ಕಡೆ ಬೇರೊಂದು ಸಂಖ್ಯೆ ಹಾಕಿ ಗುಂಡಿ ಒತ್ತಿದಾಗ ಸಾಲು ಹಸಿರಾಗಿ ನಿಂತಿತು. ಕೆಂಪಾಗುತ್ತದೆಂದು ಇಬ್ಬರೂ ಕಾದರು. ಆಗಲಿಲ್ಲ. ಆತ ಎಡಗೈಯಿಂದ ಆಕೆಯ ಬೆನ್ನಿಗೊಂದು ಗುದ್ದು ಕೊಟ್ಟ, ಹೊಸ ಕಾಲು ಹಾಕಿಕೊಂಡು ಮೊದಲ ಹೆಜ್ಜೆ ಇಟ್ಟವರಿಗೆ ಕೊಡುತ್ತಿದ್ದ ಹಾಗೆ.

ಅಲ್ಲಿಂದ ಮುಂದೆ ಮಧ್ಯಾಹ್ನಗಳೆಲ್ಲ ಹೀಗೇ ಕಳೆದವು. ಪ್ರೋಗ್ರಾಮಿನ ಫೈಲನ್ನು ಎರಡು ಸಲ ಒತ್ತಿ ತೆರೆದರೆ ಪುಟದ ಬದಲು ಆತ ಬರೆದ ಸಾಲುಗಳೇ ಕಾಣುತ್ತಿದ್ದವು. ಫೈಲನ್ನು ಸರ್ವರಿನ ಫೋಲ್ಡರಿನಲ್ಲಿಟ್ಟು, ವಿಳಾಸದ ಜಾಗದಲ್ಲಿ ಲೋಕಲ್‌ಹೋಸ್ಟ್ ಎಂದು ಹೊಸ ಸಂಖ್ಯೆಯೊಂದಿಗೆ ಬರೆದು ಒಳಗೆ ಹೋಗಬೇಕು ಎಂದು ಆಕೆ ಇಂಟರ್‌ನೆಟ್ಟಿನಲ್ಲಿ ಯಾರೋ ಯಾರಿಗೋ ಕೊಟ್ಟ ಉತ್ತರದಿಂದ ತಿಳಿದುಕೊಂಡಳು. ಲೋಕಲ್‌ಹೋಸ್ಟ್ ಎಂದರೆ ಈ ಯಂತ್ರವೇ. ತನ್ನನ್ನು ತಾನೇ ಕೂಗಿ ಕರೆದುಕೊಳ್ಳುವುದು. ಅಳತೆಗಳ ಫೈಲು ಬಲು ದೊಡ್ಡದೆಂದು ಡೇಟಾಬೇಸು ಒಮ್ಮೆ ಮೂಗು ಮುರಿಯಿತು, ಮಿತಿ ಹೆಚ್ಚಿಸಿದ ಮೇಲೆ ಒಳಗೆ ಬಿಟ್ಟುಕೊಂಡಿತು. ಕೆಲಸ ಮುಗಿದೇಹೋಯಿತು ಎಂದು ಆಕೆ ಖುಷಿಯಲ್ಲಿ ವಿಳಾಸ ಒತ್ತಿದಳು.

ಬಂದದ್ದು ಬಿಳಿ ಪುಟ. ಅಕ್ಷರವಿಲ್ಲ, ತಪ್ಪು ಎಂಬ ಮಾತಿಲ್ಲ, ಕೆಂಪಿಲ್ಲ, ಏನೂ ಇಲ್ಲ. ಮುಚ್ಚಿ ತೆರೆದರೂ ಬಿಳಿ. ಯಂತ್ರವನ್ನೇ ಆರಿಸಿ ಹಚ್ಚಿದರೂ ಬಿಳಿ. ತಪ್ಪು ಹೇಳಿದ್ದರೆ ಹುಡುಕಬಹುದಿತ್ತು. ಏನೂ ಹೇಳದ ಪುಟವನ್ನು ಏನೆಂದು ಕೇಳುವುದು? ಮೇಸ್ತ್ರಿ ಪಕ್ಕದಲ್ಲಿ ಕೂತು "ಅದೇ... ಅದೇ..." ಎನ್ನುತ್ತಾ ಗಾಳಿಯಲ್ಲಿ ಕೈ ತಿರುಗಿಸುತ್ತಿದ್ದ. ಮೇಜಿನ ಕೆಳಗೆ ತೋರಿಸಿದ, ಹಿಂದಿನ ಗೋಡೆಯನ್ನು ತೋರಿಸಿದ. ಆಕೆಗೆ ತಲೆಬುಡ ಅರ್ಥವಾಗಲಿಲ್ಲ. ಎರಡು ಮಧ್ಯಾಹ್ನ ಹೀಗೇ ಹೋದ ಮೇಲೆ ಆಕೆಯ ತಾಳ್ಮೆಯ ಕಟ್ಟೆಯೊಡೆಯಿತು.

"ಅದೇ ಅದೇ ಅಂದ್ರೆ ನನಗೆ ಹೆಂಗ್ ಗೊತ್ತಾಗ್ಬೇಕು? ಬಾಯಿ ಬಿಟ್ಟು ಹೇಳ್ಬಾರ್ದಾ?"

ಮಾತು ಆಡಿದ ಮೇಲೆ ನಾಲಿಗೆ ಕಚ್ಚಿಕೊಂಡಳು. ಆತನ ಕೈ ಗಾಳಿಯಲ್ಲೇ ನಿಂತಿತು. ಮುಖದಲ್ಲಿ ಸಿಟ್ಟಿರಲಿಲ್ಲ, ಸಿಟ್ಟಿದ್ದರೆ ಆಕೆಗೆ ಸಮಾಧಾನವಾಗುತ್ತಿತ್ತು. ಆತ ಮೆಲ್ಲಗೆ ಎದ್ದು ಕೋಣೆಗೆ ಹೋಗಿ ಗೋಡೆಯ ಕಡೆ ಮುಖ ಮಾಡಿ ಮಲಗಿದ. ಚಹಾ ತಂದಿಟ್ಟರೆ ಹೊರಳಲಿಲ್ಲ. ಕ್ಷಮಿಸಿ ಎಂದರೆ ಕೇಳಿಸಿಕೊಂಡ ಗುರುತೂ ಕಾಣಲಿಲ್ಲ.

ಮಾರನೆಯ ದಿನ ಆಕೆ ಒಬ್ಬಳೇ ಮೇಜಿನ ಮುಂದೆ ಕೂತಳು. ಪ್ರೋಗ್ರಾಮಿನ ಆಸೆ ಅಷ್ಟೇನೂ ಉಳಿದಿರಲಿಲ್ಲ. ಕೋಣೆಯೊಳಗೆ ಹೋಗುವ ಧೈರ್ಯವಿರಲಿಲ್ಲ, ಅದಕ್ಕೆ ಕೂತಳು. ಬಿಳಿ ಪುಟ ಬಂದರೆ ಏನು ಮಾಡಬೇಕು ಎಂದು ಹುಡುಕುತ್ತಾ ಹೋದವಳಿಗೆ ಒಂದು ಕಡೆ ಉತ್ತರ ಕಂಡಿತು. ಪುಟ ಬಿಳಿಯಾಗಿದೆ ಎಂದರೆ ಪ್ರೋಗ್ರಾಮಿಗೆ ಏನಾಗಿದೆ ಎಂದು ಗೊತ್ತಿಲ್ಲ ಎಂದಲ್ಲ. ತಪ್ಪುಗಳನ್ನು ಪರದೆಯ ಮೇಲೆ ತೋರಿಸಬಾರದು ಎಂದು ಸೆಟ್ಟಿಂಗಿನಲ್ಲಿ ಕಟ್ಟುಮಾಡಿರುತ್ತಾರೆ. ಆಗ ಅದು ಎಲ್ಲವನ್ನೂ ಹಿಂದುಗಡೆ ಒಂದು ಫೈಲಿನಲ್ಲಿ ಬರೆದಿಡುತ್ತಾ ಹೋಗುತ್ತದೆ. ಆ ಲಾಗ್ ಫೈಲು ತೆರೆದು ನೋಡಿ.

ಮೇಜಿನ ಕೆಳಗೆ, ಗೋಡೆಯ ಹಿಂದೆ. ಆತ ತೋರಿಸಿದ್ದು ಇದನ್ನೇ. ಆಕೆ ಸೆರಗಿನಿಂದ ಕಣ್ಣೊರೆಸಿಕೊಂಡು ಫೈಲು ತೆರೆದಳು. ಪ್ರತಿ ಸಲ ವಿಳಾಸ ಒತ್ತಿದಾಗಲೂ ಅದು ತಪ್ಪದೆ ಅದೇ ದೂರನ್ನು ಬರೆದುಕೊಂಡಿತ್ತು, ಸಾಲಿನ ಕೆಳಗೆ ಸಾಲು, ಪುಟಗಟ್ಟಲೆ: ಡೇಟಾಬೇಸನ್ನು ಕರೆಯಲು ನೀವು ಬಳಸಿದ ಆಜ್ಞೆ ನನಗೆ ಗೊತ್ತಿಲ್ಲ. ಹಳೆಯ ಪಿಎಚ್‌ಪಿಯಲ್ಲಿದ್ದ ಆಜ್ಞೆಯನ್ನು ಹೊಸದರಲ್ಲಿ ತೆಗೆದುಹಾಕಿದ್ದರು, ಅದಕ್ಕೆ ಬದಲಾಗಿ ಬೇರೆ ಹೆಸರಿನದು ಬಂದಿತ್ತು.

ಯಾವ ಫೈಲು, ಎಷ್ಟನೇ ಸಾಲು ಎಂದೂ ಬರೆದಿತ್ತು. ಆಕೆ ಆ ಫೈಲು ತೆರೆದಳು. ಗಂಡ ಬರೆದದ್ದನ್ನು ಆಕೆ ಓದಿದ್ದು ಅದೇ ಮೊದಲು. ಆಜ್ಞೆಗಳ ನಡುನಡುವೆ, ಯಂತ್ರ ಓದದೆ ಬಿಡುವ ಟಿಪ್ಪಣಿಗಳಿದ್ದವು. ಅಕ್ಷರ ಇಂಗ್ಲಿಷಿನವು, ಮಾತು ಮಾತ್ರ ಮನೆಯದು. ಮೊದಲು ಏನೆಂದು ಹೊಳೆಯಲಿಲ್ಲ. ಬಾಯಿಬಿಟ್ಟು ಓದಿದಾಗ ಹೊಳೆಯಿತು. ಮಾತಿನ ಆ ಏರಿಳಿತ ಆಕೆಗೆ ಚೆನ್ನಾಗಿ ಗೊತ್ತಿತ್ತು. ಎಷ್ಟೋ ತಿಂಗಳಿಂದ ಅದು ಮನೆಯಲ್ಲಿ ಕೇಳಿರಲಿಲ್ಲ.

ಆಕೆ ಲ್ಯಾಪ್‌ಟಾಪನ್ನು ಎತ್ತಿಕೊಂಡು ಕೋಣೆಗೆ ಹೋಗಿ ಮಂಚದ ಅಂಚಿನಲ್ಲಿ ಕೂತಳು. ಏನೂ ಪೀಠಿಕೆ ಹಾಕದೆ ಓದತೊಡಗಿದಳು.

"'ಡೇಟಾಬೇಸಿನ ವ್ಯವಹಾರ ಎಲ್ಲ ಈ ಒಂದೇ ಫೈಲಲ್ಲಿ ಇಟ್ಟಿದೀನಿ. ಬದಲಾಯಿಸೋ ಪುಣ್ಯಾತ್ಮ ಯಾರೇ ಆಗಿರ್ಲಿ, ಬೇರೆ ಕಡೆ ಹುಡುಕ್ಬೇಡ.'"

ಗೋಡೆಯ ಕಡೆಗಿದ್ದ ತಲೆ ಸ್ವಲ್ಪ ಅಲುಗಿತು.

"'ಇಲ್ಲಿ ಎರಡರಿಂದ ಭಾಗಿಸಿದ್ದು ತಪ್ಪಲ್ಲ. ಹಳೇ ಟೇಪು ಎಳೆದೂ ಎಳೆದೂ ಜಗ್ಗಿ ಒಂದೊಂದ್ಸಲ ಒಂದೊಂದು ಅಳತೆ ತೋರಿಸ್ತಿತ್ತು, ಅದಕ್ಕೆ ಎರಡು ಸಲ ಅಳೆದು ಸರಾಸರಿ ತಗೊಂಡೆ.' ಅಲ್ರೀ, ಟೇಪು ಬದಲಾಯಿಸೋದು ಬಿಟ್ಟು ಪ್ರೋಗ್ರಾಮ್ ಬದಲಾಯಿಸಿದ್ರಾ?"

ಮೇಸ್ತ್ರಿ ಈ ಕಡೆ ಹೊರಳಿದ. ಬಾಯಿಯ ಎಡಭಾಗ ನಗುತ್ತಿತ್ತು. ಆಕೆ ಒಂದೊಂದಾಗಿ ಓದುತ್ತಾ ಹೋದಳು. ಒಂದು ಕಡೆ ಹೀಗಿತ್ತು: 'ಈ ಸಾಲು ಯಾಕೆ ಕೆಲಸ ಮಾಡುತ್ತೋ ದೇವರಾಣೆಗೂ ಗೊತ್ತಿಲ್ಲ. ಮಾಡ್ತಿದೆ. ಮುಟ್ಟಬೇಡಿ.' ಆಕೆ ನಗು ತಡೆಯಲಾರದೆ ಅದನ್ನು ಇನ್ನೊಮ್ಮೆ ಓದಿದಳು. ಮಾತಿನ ಚಿಕಿತ್ಸೆಯವಳು ಜೊತೆಯಲ್ಲಿ ಓದಿಸಿ ಎಂದು ಹೇಳಿದ್ದು ನೆನಪಾಗಿ ಮೂರನೆಯ ಸಲ ನಿಧಾನಿಸಿದಳು. ಆತ ಆಕೆಯ ತುಟಿಯನ್ನೇ ನೋಡುತ್ತಿದ್ದ. ಕೊನೆಯ ಪದಕ್ಕೆ ಬಂದಾಗ ಒರಟಾದ ದನಿಯೊಂದು ಆಕೆಯ ದನಿಯ ಜೊತೆಗೂಡಿತು.

"ಮುಟ್ಟ... ಬೇಡಿ."

ಮತ್ತೆ ಹೇಳಿ ಎಂದು ಪೀಡಿಸಲು ಆಕೆಗೆ ಮನಸ್ಸಾಗಲಿಲ್ಲ. ಆರಿಹೋದ ಚಹಾವನ್ನು ಬಿಸಿ ಮಾಡಿ ತಂದಳು. ಆತ ಎದ್ದು ಕೂತು ಕುಡಿದ.

ಎಲ್ಲವನ್ನೂ ಒಂದೇ ಫೈಲಿನಲ್ಲಿಟ್ಟಿದ್ದರಿಂದ ಹಳೆಯ ಆಜ್ಞೆಗಳನ್ನು ತೆಗೆದು ಹೊಸದನ್ನು ಹಾಕುವ ಕೆಲಸ ಒಂದೇ ದಿನದಲ್ಲಿ ಮುಗಿಯಿತು. ಆಕೆಯ ಬೆರಳುಗಳಿಗೆ ಕೀಲಿಗಳ ನೆನಪು ಹೋಗಿರಲಿಲ್ಲ. ಆತ ಪಕ್ಕದಲ್ಲಿ ಕೂತು ಸಾಲಿನ ಕೊನೆಯ ಅರ್ಧವಿರಾಮ ಬಿಟ್ಟುಹೋದಾಗಲೆಲ್ಲ ಆಕೆಯ ಮೊಣಕೈ ತಿವಿಯುತ್ತಿದ್ದ. ಈ ಸಲ ಬಿಳಿ ಪುಟ ಹೋಗಿ, ಬಳಕೆದಾರನಿಗೆ ಪ್ರವೇಶವಿಲ್ಲ ಎಂಬ ಮಾತು ಬಂತು. ಹೊಸ ಡೇಟಾಬೇಸಿಗೆ ಹಳೆಯ ಬಳಕೆದಾರನ ಪರಿಚಯವಿರಲಿಲ್ಲ. ಅದೇ ಹೆಸರು, ಅದೇ ಗುಪ್ತಪದ ಕೊಟ್ಟು ಪರಿಚಯ ಮಾಡಿಸಬೇಕಿತ್ತು. ಗುಪ್ತಪದ ಏನಿದೆ ಎಂದು ಫೈಲಿನಲ್ಲಿ ನೋಡಿದಳು. 'ಸವತಿ' ಎಂದಿತ್ತು.

ಆಕೆ ಕನ್ನಡಕದ ಮೇಲಿಂದ ಗಂಡನನ್ನು ನೋಡಿದಳು. ಆತ ತುರ್ತು ಕೆಲಸವಿದ್ದವನಂತೆ ಕಿಟಕಿಯ ಹೊರಗೆ ನೋಡತೊಡಗಿದ್ದ. ಕಿವಿ ಕೆಂಪಾಗಿತ್ತು.

"ಇಷ್ಟು ವರ್ಷ ಇದನ್ನೇ ಗುಪ್ತಪದ ಮಾಡ್ಕೊಂಡಿದ್ರಾ?" ಎಂದಳು. ಹೊಸ ಡೇಟಾಬೇಸಿಗೂ ಅದನ್ನೇ ಒತ್ತಿದಳು.

ಪುಟ ತೆರೆಯಿತು. ಅಳತೆಗಳಿದ್ದವು, ತಾರೀಖುಗಳಿದ್ದವು. ಆದರೆ ಹೆಸರುಗಳಿರಬೇಕಾದ ಕಡೆಯೆಲ್ಲ ಪ್ರಶ್ನಾರ್ಥಕ ಚಿಹ್ನೆಗಳ ಸಾಲು. ನೂರಾರು ಜನ ಹೆಸರು ಕಳೆದುಕೊಂಡು ಸಾಲಾಗಿ ನಿಂತ ಹಾಗಿತ್ತು. ತಾನೇ ಏನೋ ಒತ್ತಿ ಎಲ್ಲವನ್ನೂ ಅಳಿಸಿಬಿಟ್ಟೆ ಎಂದುಕೊಂಡಳು. ಮೇಸ್ತ್ರಿ ಮಾತ್ರ ಗಾಬರಿಪಡಲಿಲ್ಲ. ಅಂಗೈ ತೋರಿಸಿ ತಾಳು ಎಂದ. ಹೆಸರುಗಳು ಕಣಜದಲ್ಲಿ ಸರಿಯಾಗಿಯೇ ಇದ್ದವು. ಅಲ್ಲಿಂದ ಪುಟಕ್ಕೆ ಬರುವ ದಾರಿಯಲ್ಲಿ ನಮ್ಮ ಲಿಪಿ ಗೊತ್ತಿಲ್ಲದ ಯಾರೋ ಅವನ್ನು ಹೊತ್ತು ತರುತ್ತಿದ್ದರು. ಯಾವ ಲಿಪಿಯ ಸಂಕೇತದಲ್ಲಿ ಮಾತಾಡಬೇಕೆಂದು ಡೇಟಾಬೇಸಿಗೆ ಮೊದಲೇ ತಿಳಿಸುವ ಒಂದು ಸಾಲು ಸೇರಿಸಿದಾಗ ಹೆಸರುಗಳೆಲ್ಲ ಮರಳಿ ಬಂದವು. ಮೇಸ್ತ್ರಿ ಪರದೆಯ ಮೇಲೆ ಬೆರಳಿಟ್ಟು ಒಂದೊಂದು ಹೆಸರಿನ ಮೇಲೂ ನಿಲ್ಲಿಸುತ್ತಾ ಕೆಳಗಿಳಿದ. ಕೆಲವರ ಹತ್ತಿರ ನಕ್ಕ. ಒಬ್ಬರ ಹತ್ತಿರ ಬಹಳ ಹೊತ್ತು ನಿಂತ. ಆ ಮನುಷ್ಯ ಈಗಿಲ್ಲವೆಂದು ಆಕೆಗೂ ಗೊತ್ತಿತ್ತು.

ಲ್ಯಾಪ್‌ಟಾಪ್ ಹಿಡಿದು ಇಬ್ಬರೂ ಕಾರ್ಯಾಗಾರಕ್ಕೆ ಹೋದರು. ಕಾಯಿಲೆಯಾದ ಮೇಲೆ ಆತ ಅಲ್ಲಿ ಕಾಲಿಟ್ಟಿರಲಿಲ್ಲ. ಪ್ಲಾಸ್ಟರಿನ ಧೂಳು, ಕಾದ ಪ್ಲಾಸ್ಟಿಕ್ಕಿನ ವಾಸನೆ, ಗೋಡೆಗೆ ಒರಗಿಸಿಟ್ಟ ಕಾಲುಗಳು. ಆವತ್ತು ಅಲ್ಲಿ ಒಬ್ಬ ಕ್ಷೌರಿಕ ಕೂತಿದ್ದ. ಹಳೆಯ ಗಿರಾಕಿ. ದಿನವಿಡೀ ನಿಂತು ಮಾಡುವ ಕೆಲಸ. ಹೊಸ ಕಾಲು ಬೆಳಿಗ್ಗೆ ಸರಿಯಾಗಿದ್ದು ಸಂಜೆಯಾದರೆ ಹಿಂಡುತ್ತದೆ ಎಂದು ಗೋಳು ಹೇಳಿಕೊಳ್ಳುತ್ತಿದ್ದ. ಮುಖ್ಯಸ್ಥೆ ಪ್ರೋಗ್ರಾಮಿನಲ್ಲಿ ಅವನ ಹೆಸರು ಒತ್ತಿದಳು. ಹಿಂದಿನ ವರ್ಷಗಳಲ್ಲಿ ಮೇಸ್ತ್ರಿ ಪ್ರತಿ ಸಲವೂ ಬೆಳಗಿನ ಅಳತೆ, ಸಂಜೆಯ ಅಳತೆ ಎಂದು ಎರಡು ತೆಗೆದಿದ್ದ. ಎರಡರ ನಡುವೆ ಎದ್ದು ಕಾಣುವಷ್ಟು ವ್ಯತ್ಯಾಸವಿತ್ತು.

"ನಾನು ಬೆಳಿಗ್ಗೆ ಮಾತ್ರ ಅಳೆದೆ," ಎಂದಳು ಮುಖ್ಯಸ್ಥೆ, ತನಗೆ ತಾನೇ ಎಂಬಂತೆ. ಬಟ್ಟಲನ್ನು ಕೈಗೆತ್ತಿಕೊಂಡು ಮೇಸ್ತ್ರಿಯ ಮುಂದೆ ಹಿಡಿದಳು. ಆತ ಒಳಗೆ ಬೆರಳಾಡಿಸಿ ಒಂದು ಕಡೆ ಉಗುರಿನಿಂದ ಗೆರೆ ಎಳೆದ. ಅವಳು ಅಷ್ಟನ್ನು ಉಜ್ಜಿ ತೆಗೆದಳು.

ಸಿದ್ಧ ಪ್ರೋಗ್ರಾಮು ಕೊಳ್ಳುವ ಯೋಚನೆಯನ್ನು ಮುಖ್ಯಸ್ಥೆ ಪೂರ್ತಿ ಕೈಬಿಡಲಿಲ್ಲ. ಇಂದಲ್ಲ ನಾಳೆ ಬರುತ್ತದೆ, ಆದರೆ ಈಗ ಹಳೆಯ ಅಳತೆಗಳನ್ನೂ ಅದಕ್ಕೆ ಸಾಗಿಸಬಹುದು ಎಂದಳು. ಅಲ್ಲಿಯವರೆಗೆ ವಾರದಲ್ಲಿ ಒಂದೆರಡು ದಿನ ಇಬ್ಬರೂ ಬಂದುಹೋಗಬಹುದೇ ಎಂದು ಕೇಳಿದಳು. ಟೈಪಿಂಗ್ ಮೇಡಂ ಗಂಡನ ಮುಖ ನೋಡಿದಳು. ಆತ "ಬೇಡ" ಎಂದ, ಹುಬ್ಬು ಕೂದಲು ಮುಟ್ಟುವಷ್ಟು ಮೇಲೇರಿಸಿ. ಹೋಗುವುದೆಂದು ತೀರ್ಮಾನವಾಯಿತು.

ಕಾಲು ಸರಿಹೋದ ಕ್ಷೌರಿಕ ಮಾತ್ರ ಬಿಡಲಿಲ್ಲ. ಮೇಸ್ತ್ರಿಯ ತಲೆ ಕಾಡಾಗಿದೆ, ಇದನ್ನು ನೋಡಿಕೊಂಡು ಸುಮ್ಮನಿದ್ದರೆ ತನ್ನ ಕಸುಬಿಗೇ ಅವಮಾನ ಎಂದು ಆತನ ತೋಳು ಹಿಡಿದು ತನ್ನ ಅಂಗಡಿಗೆ ಕರೆದುಕೊಂಡು ಹೋದ. ಆಕೆ ಹಿಂದೆಯೇ ಹೋಗಿ ಗೋಡೆಯ ಬೆಂಚಿನ ಮೇಲೆ ಕೂತಳು. ಕ್ಷೌರಿಕ ಬಟ್ಟೆ ಹೊದಿಸಿ, ನೀರು ಚಿಮುಕಿಸಿ, ಕತ್ತರಿಯ ಜೊತೆಗೆ ಬಾಯಿಯನ್ನೂ ಶುರು ಮಾಡಿದ. ಅಳಿಯನ ಸೋಮಾರಿತನ, ಬೀದಿಯ ಚರಂಡಿ, ಮಾವ ಕೊಟ್ಟ ಗಡಿಯಾರ ಓಡದೆ ನಿಂತದ್ದು. ಪ್ರಶ್ನೆ ಅವನದೇ, ಉತ್ತರವೂ ಅವನದೇ. ಎದುರಿನವರು ಬಾಯಿ ತೆರೆಯಲು ಸಂದೇ ಇರಲಿಲ್ಲ. ಕನ್ನಡಿಯಲ್ಲಿ ಮೇಸ್ತ್ರಿಯ ಮುಖ ಕಾಣುತ್ತಿತ್ತು. ಆತ ಕಣ್ಣು ಅರೆಮುಚ್ಚಿ, ಬಿಸಿಲಲ್ಲಿ ಕೂತವನ ಹಾಗೆ, ಆರಾಮವಾಗಿ ಕೇಳುತ್ತಿದ್ದ.